ಇಂಗ್ಲಿಷ್ ಪಾಠದಲ್ಲಿ ಮಾತು ಕೇಳಿಸಲಿ

ಮಾನ್ಯರೇ,

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿ ವರ್ಷಗಳೇ ಉರುಳಿವೆ. ಆದರೂ ಏಳನೇ ತರಗತಿ ಮುಗಿಸಿದ ಎಷ್ಟೋ ಮಕ್ಕಳು ಆ ಭಾಷೆಯಲ್ಲಿ ನಾಲ್ಕು ಮಾತಾಡಲು ಹೆದರುತ್ತಾರೆ. ತಪ್ಪು ಮಕ್ಕಳದಲ್ಲ. ಬೋರ್ಡ್ ನೋಡಿ ಪ್ರಶ್ನೋತ್ತರ ಬರೆದುಕೊಂಡದ್ದು ಬಿಟ್ಟರೆ ಇಂಗ್ಲಿಷ್ ಅವರ ಕಿವಿಗೆ ಬಿದ್ದದ್ದೇ ಕಡಿಮೆ.

ಅರ್ಥವಾಗುವ ಮಾತನ್ನು ಸಾಕಷ್ಟು ಕೇಳಿದ ಮೇಲೆ ಮಾತು ತಾನಾಗಿ ಬರುತ್ತದೆ ಎಂಬುದು ಅಮೆರಿಕದ ಭಾಷಾ ಕಲಿಕೆಯ ತಜ್ಞರಾದ ಸ್ಟೀಫನ್ ಕ್ರಾಶೆನ್ ಮತ್ತು ಟ್ರೇಸಿ ಟೆರೆಲ್ 1983ರಲ್ಲಿ ವಿವರಿಸಿದ ಸಹಜ ವಿಧಾನದ ತಿರುಳು. ಸಹಜ ಎಂದೊಡನೆ ಶಿಕ್ಷಕರ ಕೆಲಸ ಹಗುರಾಯಿತು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ನಮ್ಮ ಹಳ್ಳಿಯ ಹೆಚ್ಚಿನ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತಾಡುವವರು ಶಿಕ್ಷಕರೊಬ್ಬರೇ. 'ಬ್ರಿಂಗ್ ದ ರೆಡ್ ಚಾಕ್' ಎನ್ನುತ್ತ ಕೆಂಪು ಚಾಕಿನತ್ತ ಬೆರಳು ತೋರಿಸಬೇಕು. ಮಗು ತುಟಿ ಬಿಚ್ಚದೆ ಅದನ್ನೇ ಎತ್ತಿ ತಂದರೆ ಪಾಠ ತಲುಪಿದಂತೆಯೇ. ಕೆಲವರು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತಾರೆ. ಎಬ್ಬಿಸಿ ನಿಲ್ಲಿಸಿ ಹೇಳಿಸಿದರೆ ಅವರ ಬಾಯಿ ಇನ್ನಷ್ಟು ಕಟ್ಟುತ್ತದೆ.

'ಯೆಸ್ಟರ್‌ಡೇ ಐ ಗೋ ಜಾತ್ರೆ' ಎಂದು ಒಬ್ಬಳು ಹೇಳಿದಳು ಎನ್ನಿ. 'ಓ, ಯು ವೆಂಟ್ ಟು ದ ಜಾತ್ರೆ! ವಾಟ್ ಡಿಡ್ ಯು ಬೈ?' ಎಂದು ಮಾತು ಮುಂದುವರಿಸಿದರೆ ಸರಿಯಾದ ರೂಪ ಕಿವಿಗೆ ಬಿತ್ತು, ಅವಳು ಬಳೆ ಕೊಂಡ ಕಥೆಯೂ ನಿಲ್ಲಲಿಲ್ಲ. ಅಲ್ಲಿಯೇ ತಡೆದು ಭೂತಕಾಲದ ಪಾಠ ಶುರುಮಾಡಿದರೆ ಬಳೆಯೂ ಹೋಯಿತು, ಮಾತೂ ಹೋಯಿತು. ವ್ಯಾಕರಣಕ್ಕೆ ಕ್ರಾಶೆನ್ ಕೊಟ್ಟ ಜಾಗ ತೀರಾ ಚಿಕ್ಕದೆಂದೇ ನನ್ನ ಅನಿಸಿಕೆ. ಪ್ರೌಢಶಾಲೆಯ ಬರವಣಿಗೆಗೆ ಅದು ಬೇಕು. ಆದರೆ ಆರಂಭ ಅದರಿಂದ ಬೇಡ.

ಇದೆಲ್ಲ ನಮ್ಮ ತುಂಬಿದ ತರಗತಿಗಳಿಗೆ ಆಗುವ ಮಾತಲ್ಲ ಎನ್ನುವವರು ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರನ್ನು ನೆನೆಯಬೇಕು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ಹೊರದೇಶಗಳಲ್ಲೂ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು, ಶಿಕ್ಷಕರು ಇಡೀ ತರಗತಿಯೊಡನೆ ಇಂಗ್ಲಿಷಿನಲ್ಲೇ ಒಂದು ಸಮಸ್ಯೆ ಬಿಡಿಸುತ್ತಿದ್ದರು. ಅಂಥದ್ದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸುತ್ತಿದ್ದರು. ಕ್ರಾಶೆನ್‌ರ ದಾರಿ ಬೇರೆ, ಇದು ಬೇರೆ. ಎರಡರಲ್ಲೂ ಗಮನ ಅರ್ಥದ ಮೇಲೆ.

ತಪಾಸಣೆಗೆ ಬರುವವರು ನೋಟ್‌ಬುಕ್ ತಿದ್ದಿದೆಯೇ ಎಂದಷ್ಟೇ ನೋಡದೆ ಹಿಂದಿನ ಬೆಂಚಿನಲ್ಲಿ ಕುಳಿತು, ಶಿಕ್ಷಕರು ಮಕ್ಕಳೊಡನೆ ಇಂಗ್ಲಿಷಿನಲ್ಲಿ ಎಷ್ಟು ಮಾತಾಡಿದರು ಎಂಬುದನ್ನು ಗಮನಿಸಲಿ. ಇಂಗ್ಲಿಷ್ ಮಾತಾಡಲು ಸ್ವತಃ ಅಳುಕುವ ಪ್ರಾಥಮಿಕ ಶಿಕ್ಷಕರು ಬಹಳ ಮಂದಿ ಇದ್ದಾರೆ. ಅವರಿಗೆ ಕೊಡುವ ತರಬೇತಿಯಲ್ಲಿ ಉಪನ್ಯಾಸ ಕಡಿಮೆಮಾಡಿ, ಅವರೇ ಮಾತಾಡುವುದಕ್ಕೆ ಹೆಚ್ಚು ಹೊತ್ತು ಕೊಡಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

– ಇಂಗ್ಲಿಷ್ ಶಿಕ್ಷಕಿ, ಶಿರಸಿ