ನೋವು ಬಂದ ಮೇಲೆ ಟೆಸ್ಟ್ ಮಾಡಿಸಿದರೆ ಸಾಕಾ ಅಂತ ಕೇಳಿದೆಯಲ್ಲ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಕೂತು ಬರೀತಿದ್ದೇನೆ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ತಗಲಬಹುದಾದ ಗ್ರೂಪ್ ಬಿ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ನಿನಗೆ ಹೋದ ಬಸಿರಲ್ಲಿ ಇತ್ತಲ್ಲ, ಅದು ಈ ಸಲವೂ ಇದೆಯೋ ಇಲ್ಲವೋ, ನೋವು ಶುರುವಾದ ಮೇಲೆ ಆಸ್ಪತ್ರೆಯಲ್ಲೇ ಸ್ವಾಬ್ (ಹತ್ತಿ ಕಡ್ಡಿಯಲ್ಲಿ ಮಾದರಿ) ತೆಗೆದು ಗಂಟೆಯೊಳಗೆ ಹೇಳುತ್ತಾರಂತೆ, ಅಲ್ಲಿಯವರೆಗೆ ಮನೆಯಲ್ಲೇ ಇರುತ್ತೇನೆ ಅಂದೆ. ಬೇಡ ಪುಟ್ಟಿ.

ಆ ಟೆಸ್ಟ್ ಕೆಟ್ಟದ್ದು ಅಂತಲ್ಲ. ನಾನು ಹೆರಿಗೆ ವಾರ್ಡಿನಲ್ಲಿದ್ದ ಕಾಲದಲ್ಲಿ ಅದು ಇದ್ದಿದ್ದರೆ ಅಂತ ಎಷ್ಟು ಸಲ ಅಂದುಕೊಂಡಿದ್ದೇನೆ. ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡಲು, ಕಳಿಸಿದರೆ ಬ್ಯಾಕ್ಟೀರಿಯಾ ಬೆಳೆಯಲು ಒಂದೆರಡು ದಿನ ಬೇಕು. ಇದು ಕೋವಿಡ್‌ಗೆ ಮಾಡಿದ ಪಿಸಿಆರ್ ತರಹ, ಬ್ಯಾಕ್ಟೀರಿಯಾದ ಜೀನನ್ನೇ ಹುಡುಕುತ್ತದೆ, ಸುಮಾರು 50 ನಿಮಿಷ ಸಾಕು. ಇನ್ನೊಂದು ಒಳ್ಳೆಯದೂ ಇದೆ. ಈ ಬ್ಯಾಕ್ಟೀರಿಯಾ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. 36ನೇ ವಾರದಲ್ಲಿ ಇಲ್ಲ ಅಂತ ಬಂದವಳಿಗೆ ಹೆರಿಗೆ ಹೊತ್ತಿಗೆ ಇರಬಹುದು. ಈ ಟೆಸ್ಟ್ ಆವತ್ತಿನ ಸ್ಥಿತಿಯನ್ನೇ ಹೇಳುತ್ತದೆ. ತನಗೆ ಇದೆಯೋ ಇಲ್ಲವೋ ಗೊತ್ತೇ ಇಲ್ಲದ ಹೆಂಗಸರಿಗೆ ಇದು ವರ.

ಆದರೆ ನಿನ್ನ ಲೆಕ್ಕ ಬೇರೆ. ಬ್ಯಾಕ್ಟೀರಿಯಾ ಮಗುವಿಗೆ ತಗಲದಂತೆ ಪೆನಿಸಿಲಿನ್ ಆಂಟಿಬಯೋಟಿಕ್ ಡ್ರಿಪ್ ಹಾಕಿ ಮಗು ಹುಟ್ಟುವ ಮುಂಚೆ 4 ಗಂಟೆಯಾದರೂ ಸಿಕ್ಕರೆ ಒಳ್ಳೆಯದು. ನಿನ್ನ ಮೊದಲ ಹೆರಿಗೆ ಆಗಿದ್ದೇ 5 ಗಂಟೆಯಲ್ಲಿ! ಎರಡನೆಯದು ಇನ್ನೂ ಬೇಗ ಆಗುವುದೇ ಜಾಸ್ತಿ. ನೀನು ಮನೆಯಲ್ಲಿ ಎರಡು ಗಂಟೆ ಕಳೆದು, ಕಾರಿನಲ್ಲಿ ಹೋಗಿ, ಆಮೇಲೆ ಸ್ವಾಬ್, ಆಮೇಲೆ ಮಿಷನ್, ಅದು ಕೆಲವು ಸಲ ಫಲಿತಾಂಶ ಕೊಡದೆ ಮತ್ತೆ ಮಾಡಬೇಕಾಗುತ್ತದೆ, ಆಮೇಲೆ ಡ್ರಿಪ್ ಅಂದರೆ ಹೊತ್ತೆಲ್ಲಿದೆ? ಅಲ್ಲದೆ ಆ ಮಿಷನ್ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ.

ನೀನಿರುವ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಈ ಟೆಸ್ಟ್ ಮಾಡುವ ಪದ್ಧತಿ ಇಲ್ಲ, ಆದರೆ ಹಿಂದಿನ ಬಸಿರಲ್ಲಿ ಇದ್ದವರಿಗೆ ಈ ಸಲವೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೇ ಅಲ್ಲಿನ ನಿಯಮದಲ್ಲಿ ನಿನಗೆ ಎರಡು ದಾರಿ ಇದೆ. 35-37 ವಾರದಲ್ಲಿ ಸ್ವಾಬ್ ಮಾಡಿಸಬಹುದು, ಇಲ್ಲವೇ ಟೆಸ್ಟ್ ಇಲ್ಲದೆಯೇ ನೋವು ಬಂದ ಕೂಡಲೇ ಡ್ರಿಪ್ ತೆಗೆದುಕೊಳ್ಳಬಹುದು. ನಾನಾಗಿದ್ದರೆ ಎರಡನೆಯದನ್ನೇ ಕೇಳುತ್ತಿದ್ದೆ. ನಿರ್ಧಾರ ನಿನ್ನದು, ಆದರೆ ಈ ವಾರವೇ ಮಿಡ್‌ವೈಫ್ ಹತ್ತಿರ ಮಾತಾಡು.

ಸುಮ್ನೆ ಯಾಕೆ ಆಂಟಿಬಯೋಟಿಕ್ ಅಂದೆಯಲ್ಲ, ಒಂದು ರಾತ್ರಿಯ ಕಥೆ ಹೇಳುತ್ತೇನೆ. ಸಂಜೆ ಹುಟ್ಟಿದ ಮಗು, ಚೆನ್ನಾಗಿ ಅತ್ತಿತ್ತು. ತಾಯಿಗೆ ಜ್ವರ ಇಲ್ಲ, ಏನೂ ಇಲ್ಲ. ರಾತ್ರಿ ಮಗು ಹಾಲು ಕುಡಿಯಲಿಲ್ಲ, ಉಸಿರಾಡುವಾಗ ನರಳುವ ಸದ್ದು ಬರತೊಡಗಿತು. ರಕ್ತದ ಕಲ್ಚರ್ ರಿಪೋರ್ಟ್ ಬಂದಾಗ ಮಗು ಇರಲಿಲ್ಲ. ಆ ತಾಯಿಗೆ ಮುಂಚೆ ಯಾರೂ ಟೆಸ್ಟ್ ಮಾಡಿರಲಿಲ್ಲ. ಬ್ಯಾಕ್ಟೀರಿಯಾ ಇರುವ ತಾಯಂದಿರ ಮಕ್ಕಳಲ್ಲಿ ಈ ಸೋಂಕು ಆಗುವುದು ನೂರಕ್ಕೆ ಒಂದೋ ಎರಡೋ, ಅದೂ ಔಷಧಿ ಕೊಡದಿದ್ದರೆ. ಹೆದರಿಸಲು ಹೇಳುತ್ತಿಲ್ಲ. ಅಮೆರಿಕದಲ್ಲಿ ಎಲ್ಲ ಬಸುರಿಯರಿಗೂ ಟೆಸ್ಟ್ ಮಾಡಿ, ಇದ್ದವರಿಗೆ ಡ್ರಿಪ್ ಕೊಡಲು ಶುರುಮಾಡಿದ ಮೇಲೆ, ಹುಟ್ಟಿದ ಮೊದಲ ವಾರದಲ್ಲೇ ಬರುವ ಈ ಸೋಂಕು 1990ರ ಸುಮಾರಿಗೆ 1000 ಮಕ್ಕಳಲ್ಲಿ 1.8 ಇದ್ದದ್ದು 2015ಕ್ಕೆ 0.23ಕ್ಕೆ ಇಳಿಯಿತು.

ಇನ್ನೊಂದು ಮಾತು, ಇದು ನಿನಗೇ ನೆನಪಿರಲಿಕ್ಕಿಲ್ಲ. ನಾಲ್ಕು ವರ್ಷದವಳಿದ್ದಾಗ ಪೆನಿಸಿಲಿನ್ ಕೊಟ್ಟು ನಿನಗೆ ಮೈತುಂಬಾ ದದ್ದು ಎದ್ದಿತ್ತು. ಮೊದಲ ಹೆರಿಗೆಯಲ್ಲಿ ಏನು ಕೊಟ್ಟರು, ಆಗೇನಾದರೂ ಆಯಿತಾ ಅಂತ ಹಳೆಯ ಕಾಗದ ತೆಗೆದು ನೋಡು. ಗಂಟೆಯೊಳಗಿನ ಟೆಸ್ಟ್ ಬ್ಯಾಕ್ಟೀರಿಯಾ ಇದೆಯಾ ಅಂತ ಹೇಳುತ್ತದೆ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಹೇಳುವುದಿಲ್ಲ. ಬೇರೆ ಔಷಧಿ ಬೇಕಾದರೆ ಡಾಕ್ಟರು ಈಗಲೇ ಯೋಚಿಸಿಡಬೇಕು, ನೀನು ನೋವಿನಲ್ಲಿ ಕೂಗುತ್ತಿರುವಾಗ ಅಲ್ಲ.

ನೋವಿಲ್ಲದೆ ನೀರು ಹೋದರೂ ತಕ್ಷಣ ಫೋನ್ ಮಾಡಿ ಹೊರಡು. ಸ್ನಾನ, ಅಡುಗೆ ಅಂತ ನಿಲ್ಲಬೇಡ.

ದದ್ದಿನ ವಿಷಯ ನಿನ್ನ ಫೈಲಿನಲ್ಲಿ ಬರೆಸಿದೆಯಾ ಅಂತ ಭಾನುವಾರ ಫೋನಿನಲ್ಲಿ ಕೇಳುತ್ತೇನೆ.

ನಿನ್ನ ದೊಡ್ಡಮ್ಮ