ಬ್ಯಾಚಿನ ಇತಿಹಾಸ ದಾಖಲಾತಿ ಪುಸ್ತಕದಿಂದ ಶುರುವಾಗಲಿ

ಮಾನ್ಯ ಸಂಪಾದಕರಿಗೆ,

ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೈದೋ ನಲವತ್ತೋ ವರ್ಷವಾದವರು ಓದಿದ ಶಾಲೆಯಲ್ಲಿ ಸೇರುವುದು, ಮೇಷ್ಟ್ರಿಗೆ ಶಾಲು ಹೊದಿಸುವುದು, ಸ್ಮರಣ ಸಂಚಿಕೆ ಬಿಡುಗಡೆ ಮಾಡುವುದು ಮಲೆನಾಡಿನ ಊರೂರಲ್ಲೂ ನಡೆಯುತ್ತಿದೆ. ಸಂತೋಷವೇ. ತಕರಾರು ಇರುವುದು ಆ ಸಂಚಿಕೆಯ ಬಗ್ಗೆ. ‘ನಮ್ಮ ಬ್ಯಾಚಿನ ಇತಿಹಾಸ’ ಎಂದು ಅದರಲ್ಲಿ ಅಚ್ಚಾಗುವುದು ಹೆಚ್ಚುಕಡಿಮೆ ವಾಟ್ಸ್‌ಆ್ಯಪ್ ಗುಂಪಿನ ಪಟ್ಟಿ. ಮೊದಲ ಪುಟಗಳೆಲ್ಲ ಅಮೆರಿಕ, ಆಸ್ಟ್ರೇಲಿಯ, ದುಬೈಯಲ್ಲಿ ಇರುವವರಿಗೆ ಮೀಸಲು. ಎಂಟನೇ ತರಗತಿಗೆ ಸೇರಿ ಒಂಬತ್ತರಲ್ಲಿ ಬಿಟ್ಟವರು, ಗಣಿತದಲ್ಲಿ ನಪಾಸಾಗಿ ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿದವರು, ಮದುವೆಯಾಗಿ ಹೋದ ಹುಡುಗಿಯರು ಅದರಲ್ಲಿ ಇರುವುದಿಲ್ಲ. ಹಳೆಯ ವಿದ್ಯಾರ್ಥಿ ಸಂಘಗಳ ದಾಖಲೆ ಕೆಲಸದಲ್ಲಿ ತೊಡಗಿರುವ ನಾವು ಇದನ್ನು ಸರಿಯಾಗಿ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಪತ್ರ ಉದ್ದವಾದರೆ ಕ್ಷಮಿಸಿ.

ಮೊದಲು ಹೋಗಬೇಕಾದದ್ದು ಶಾಲೆಯ ಕಚೇರಿಗೆ. ಮುಖ್ಯೋಪಾಧ್ಯಾಯರಿಗೆ ಲಿಖಿತ ಮನವಿ ಕೊಟ್ಟು, ಅವರ ಎದುರಿನಲ್ಲೇ ದಾಖಲಾತಿ ಪುಸ್ತಕ ನೋಡಬೇಕು. ಪದವಿಪೂರ್ವ ಕಾಲೇಜಿನ ಜೊತೆ ಸೇರಿಕೊಂಡಿರುವ ಪ್ರೌಢಶಾಲೆಯಾದರೆ ಹಳೆಯ ಪುಸ್ತಕ ಕಾಲೇಜು ಬೀರುವಿನಲ್ಲೂ ಇರಬಹುದು. ಒಂದು ಕಡೆ ಇಲ್ಲ ಅಂದರೆಂದು ವಾಪಸು ಬರಬೇಡಿ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದು ಅಡ್ಡಸಾಲು: ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ದಿನಾಂಕ, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಟಿ.ಸಿ. ನಂಬರು. ನಮ್ಮ ಮಟ್ಟಿಗೆ ಇಡೀ ಪುಸ್ತಕದ ಸಾರ ಇರುವುದು ‘ಬಿಟ್ಟ ಕಾರಣ’ ಎಂಬ ಆ ಇಕ್ಕಟ್ಟಾದ ಅಂಕಣದಲ್ಲಿ. ‘ಉನ್ನತ ವ್ಯಾಸಂಗ’ ಎಂದು ಬರೆದವರು ಹೇಗೂ ಸಂಚಿಕೆಯಲ್ಲಿ ಸಿಗುತ್ತಾರೆ. ‘ದೀರ್ಘ ಗೈರುಹಾಜರಿ’, ‘ತಂದೆಯ ವರ್ಗಾವಣೆ’ ಎಂದಿರುವವರನ್ನು ಹುಡುಕಬೇಕು. ಅದಕ್ಕೆ ಆಯಾ ವರ್ಷದ ಹಾಜರಿ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಸಾಲು ಸಾಲು ಗೈರು ಬಿದ್ದಿದ್ದರೆ ಹಳ್ಳ ದಾಟಿ ಬರಬೇಕಾದ ಊರಿನ ಮಗು ಎಂದು ಊಹಿಸಬಹುದು. ನವೆಂಬರ್‌ನಿಂದ ಜನವರಿಗೆ ಬಿದ್ದಿದ್ದರೆ ಕೊಯ್ಲಿನ ಕೆಲಸ. ಹಾಸ್ಟೆಲಿನಲ್ಲಿದ್ದ ಮಕ್ಕಳಾದರೆ ಹಾಸ್ಟೆಲಿನ ದಾಖಲೆಯನ್ನೂ ಕೇಳಬೇಕು.

ನಕಲು ಮಾಡಿಕೊಳ್ಳುವಾಗ ಜಾತಿ, ಹುಟ್ಟಿದ ದಿನಾಂಕ, ಅಂಕಗಳನ್ನು ಬಿಟ್ಟುಬಿಡಿ. ಅವು ಸಂಚಿಕೆಗೆ ಬೇಡ, ಗುಂಪಿಗೂ ಬೇಡ. ಹುಟ್ಟಿದ ದಿನಾಂಕವಂತೂ ಎಷ್ಟೋ ಸಲ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಒಂದೇ ಬ್ಯಾಚಿನ ಅಷ್ಟೊಂದು ಜನರ ಹುಟ್ಟುಹಬ್ಬ ಜೂನ್ ಮೊದಲ ವಾರದಲ್ಲೇ ಬರುವ ಗುಟ್ಟು ಇದೇ.

ಪಟ್ಟಿಗೆ ಗುರುತಿನ ಕೀಲಿ ಹೆಸರಲ್ಲ, ದಾಖಲಾತಿ ಸಂಖ್ಯೆ. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ಕು ಮಂಜುನಾಥ, ಮೂರು ಗೀತಾ ಇದ್ದದ್ದು ಸಾಮಾನ್ಯ. ವಿದೇಶಕ್ಕೆ ಹೋದವರ ಹೆಸರು ಇನ್ನಷ್ಟು ಗೋಜಲು. ಶಾಲೆಯಲ್ಲಿ ‘ಕೆ.ಎಸ್.’ ಎಂದಿದ್ದ ಇನಿಷಿಯಲ್ಲು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡು, ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಕೂತಿರುತ್ತದೆ. ಅಲ್ಲಿ ಅವರನ್ನು ಕರೆಯುವುದೇ ಆ ಕೊನೆಯ ಹೆಸರಿನಿಂದ. ಹೆಣ್ಣುಮಕ್ಕಳದಾದರೆ ಮದುವೆಯ ನಂತರ ಮತ್ತೊಂದು ಬದಲಾವಣೆ. ಆದ್ದರಿಂದ ಪ್ರತಿ ಸಂಖ್ಯೆಯ ಎದುರು ಮೂರು ಕಲಂ ಬೇಕು: ಶಾಲೆಯ ಹೆಸರು, ಈಗಿನ ಹೆಸರು, ಕರೆಯುತ್ತಿದ್ದ ಹೆಸರು. ‘ಪುಟ್ಟ’, ‘ಸಣ್ಣಿ’ ಎಂಬ ಮೂರನೆಯದರಿಂದಲೇ ಅರ್ಧ ಜನ ಪತ್ತೆಯಾಗುತ್ತಾರೆ.

ಊರಿನ ಹೆಸರಿಗೂ ಎಚ್ಚರ ಬೇಕು. 1973ರ ನವೆಂಬರ್ 1ಕ್ಕೆ ಮೊದಲಿನ ಅಂಕಪಟ್ಟಿಯಲ್ಲಿ ರಾಜ್ಯ ಮೈಸೂರು. ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದು ಬರೆಯುತ್ತಿದ್ದದ್ದು ಅಧಿಕೃತವಾಗಿ ‘ಶಿವಮೊಗ್ಗ’ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲು ಹೊರಗೆ ಹೋದವರ ಎಲ್ಲ ಕಾಗದದಲ್ಲೂ ಹಳೆಯ ಕಾಗುಣಿತವೇ. ಹುಡುಕುವಾಗ ಎರಡನ್ನೂ ಹಾಕಿ. ಹೊನ್ನಾಳಿ, ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಅದಕ್ಕೆ ಹಿಂದಿನ ಬ್ಯಾಚಿನವರು ಶಿವಮೊಗ್ಗ ಜಿಲ್ಲೆಯವರೇ. ಸಾಗರ, ಹೊಸನಗರದ ಹಳೆಯ ಪುಸ್ತಕಗಳಲ್ಲಿ ಈಗ ನಕ್ಷೆಯಲ್ಲೇ ಇಲ್ಲದ ಊರುಗಳು ಬರುತ್ತವೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದವು ಅವು. ‘ಊರು ತಪ್ಪಾಗಿದೆ’ ಎಂದು ತಿದ್ದುವ ಉತ್ಸಾಹಿಗಳಿದ್ದಾರೆ, ದಯವಿಟ್ಟು ತಿದ್ದಬೇಡಿ. ಮುಳುಗಡೆ ಸಂತ್ರಸ್ತರ ಮಕ್ಕಳು ನಡುವರ್ಷದಲ್ಲಿ ಶಾಲೆ ಬದಲಿಸಿದ್ದಕ್ಕೆ ಆ ಹೆಸರೊಂದೇ ಸಾಕ್ಷಿ.

ಹೊರದೇಶಕ್ಕೆ ಹೋದವರ ಬಗ್ಗೆ ಬರೆಯುವಾಗ ‘ಉನ್ನತ ಹುದ್ದೆಯಲ್ಲಿದ್ದಾರೆ’ ಎಂಬ ಸಾಲು ಯಾರಿಗೂ ಏನನ್ನೂ ಹೇಳುವುದಿಲ್ಲ. ಕೇಳಬೇಕಾದ್ದು: ಯಾವ ವರ್ಷ ಹೊರಟರು, ಓದಿಗೋ ಕೆಲಸಕ್ಕೋ ಮದುವೆಯಾಗಿಯೋ, ಮೊದಲು ಇಳಿದ ಊರು ಯಾವುದು, ಆಗ ಮನೆಗೆ ಸುದ್ದಿ ತಲುಪಿಸುತ್ತಿದ್ದದ್ದು ಏರೋಗ್ರಾಮಿನಲ್ಲೋ ಎಸ್‌ಟಿಡಿ ಬೂತಿಗೆ ಫೋನ್ ಮಾಡಿಯೋ, ಈಗ ಯಾವ ದೇಶದ ಪ್ರಜೆ. ಈ ಉತ್ತರಗಳನ್ನು ವರ್ಷದ ಪ್ರಕಾರ ಜೋಡಿಸಿದರೆ ಚಿತ್ರ ತಾನಾಗಿ ಏಳುತ್ತದೆ. ಉದಾಹರಣೆಗೆ 1993ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಎಂಜಿನಿಯರಿಂಗ್ ಮುಗಿಸಿ ಹೊರಬಿದ್ದದ್ದು 1999ರಲ್ಲಿ, ಇಸವಿ 2000ಕ್ಕೆ ತಿರುಗಿದಾಗ ಕಂಪ್ಯೂಟರುಗಳು ಎಡವದಂತೆ ತಿದ್ದುವ ಗಡಿಬಿಡಿ ಜೋರಾಗಿದ್ದಾಗ. ಹೊರದೇಶದ ಪರಿಣತ ನೌಕರರಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾದ ವಾರ್ಷಿಕ ಮಿತಿ 2001ರಿಂದ 2003ರವರೆಗೆ 1,95,000 ಇತ್ತು, 2004ಕ್ಕೆ ಮತ್ತೆ 65,000ಕ್ಕೆ ಇಳಿಯಿತು. ಒಂದೇ ಶಾಲೆಯ ಅಕ್ಕಪಕ್ಕದ ಬ್ಯಾಚುಗಳಲ್ಲಿ ಹೊರಗೆ ಹೋದವರ ಸಂಖ್ಯೆ ಏರುಪೇರಾಗಿದ್ದರೆ, ಮೇಷ್ಟ್ರ ಪಾಠವನ್ನು ಹೊಗಳುವ ಮೊದಲು ಇಂಥದ್ದನ್ನೂ ನೋಡಬೇಕು.

ಗ್ರೂಪ್ ಫೋಟೊ ವಿಷಯಕ್ಕೆ ಬರೋಣ. ಹೆಚ್ಚು ಹಾಳಾಗುವುದು ಅದೇ. ಮಲೆನಾಡಿನ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಂಡಿರುತ್ತದೆ. ಕಿತ್ತರೆ ಮುಖಗಳ ಮೇಲ್ಪದರ ಗಾಜಿನಲ್ಲೇ ಉಳಿದುಬಿಡುತ್ತದೆ. ಕೀಳಬೇಡಿ, ಗಾಜನ್ನು ಒರೆಸಿ ಅದರ ಮೇಲಿಂದಲೇ ಪ್ರತಿ ತೆಗೆಯಿರಿ. ಬಿಡಿಯಾಗಿ ಸಿಕ್ಕರೆ 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ. ಹತ್ತಿಂಚು ಹನ್ನೆರಡಿಂಚಿನ ಫೋಟೊ ಆಗ 6000ಕ್ಕೆ 7200 ಪಿಕ್ಸೆಲ್ ಆಗುತ್ತದೆ, ಹಿಂದಿನ ಸಾಲಿನ ಮುಖವೂ ಗುರುತು ಸಿಗುತ್ತದೆ. ಸಾಮಾನ್ಯ ಎ4 ಸ್ಕ್ಯಾನರಿಗೆ ಈ ಅಳತೆ ಹಿಡಿಸುವುದಿಲ್ಲ. ಎರಡು ಇಂಚು ಒಂದರ ಮೇಲೊಂದು ಬರುವಂತೆ ಎರಡು ಭಾಗ ಮಾಡಿ, ಆಮೇಲೆ ಜೋಡಿಸಬೇಕು. ಲ್ಯಾಮಿನೇಷನ್ ಖಂಡಿತ ಬೇಡ. ಹೆಸರನ್ನು ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ಬರೆದರೆ ಗೆರೆ ಮುಂದಕ್ಕೆ ಒತ್ತಿ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.

ಮುಖಗಳಿಗೆ ಹೆಸರು ಹಚ್ಚಲು ಪ್ರತಿಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ತಲೆಗಳ ಗೆರೆ ಎಳೆದು ನಂಬರು ಕೊಡಿ. ‘ಎಡದಿಂದ ಮೂರನೆಯವನು’ ಎಂದರೆ ನೋಡುವವರ ಎಡವೋ ನಿಂತವರ ಎಡವೋ ಎಂಬ ಜಗಳ ಇದರಿಂದ ತಪ್ಪುತ್ತದೆ. ನಂಬರಿನ ಪ್ರತಿಯನ್ನು ಊರಲ್ಲಿರುವ ಒಬ್ಬರಿಗೆ, ಹೊರಗಿರುವ ಒಬ್ಬರಿಗೆ ಬೇರೆ ಬೇರೆಯಾಗಿ ಕಳಿಸಿ. ಗುಂಪಿನಲ್ಲಿ ಹಾಕಿದರೆ ಮೊದಲು ಹೇಳಿದವರ ಮಾತಿಗೇ ಉಳಿದವರು ಹೂಂ ಅನ್ನುತ್ತಾರೆ. ಇಬ್ಬರ ಉತ್ತರವೂ ಹೊಂದಿದರೆ ಹೆಸರು ಹಾಕಿ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಇರಲಿ. ಕುರ್ಚಿಯಲ್ಲಿ ಕೂತ ಹೆಡ್‌ಮಾಸ್ಟರರ ಹೆಸರು ಎಲ್ಲರಿಗೂ ಗೊತ್ತು. ತುದಿಯಲ್ಲಿ ಕೈಕಟ್ಟಿ ನಿಂತ ಜವಾನರ ಹೆಸರನ್ನು ಯಾರೂ ಬರೆದಿರುವುದಿಲ್ಲ. ಗಂಟೆ ಹೊಡೆದವರು, ಬಾವಿಯಿಂದ ನೀರು ತಂದಿಟ್ಟವರು ಅವರೇ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಚಿತ್ರವಾಗಿ ಹಾಕಿದರೆ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಬರಹ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡಿನಲ್ಲಿರಲಿ. ಡಿಟಿಪಿಯವರು ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಫೈಲನ್ನು ಮೆಲ್ಬರ್ನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕರಡು ತಿದ್ದಲು ಒಪ್ಪಿಕೊಂಡವರು ಅಲ್ಲೇ ಕೈಬಿಡುತ್ತಾರೆ.

ಹೊರಗಿನವರೊಡನೆ ಸಭೆಗೆ ಭಾನುವಾರ ಸಂಜೆ 6.30 ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟ ಹಂಚುವ ಹೊತ್ತು. ಮೇ ತಿಂಗಳಲ್ಲಿ ಆಗ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಬೆಳಿಗ್ಗೆ 6, ನ್ಯೂಯಾರ್ಕಿನಲ್ಲಿ 9, ಲಂಡನ್ನಿನಲ್ಲಿ ಮಧ್ಯಾಹ್ನ 2, ದುಬೈಯಲ್ಲಿ 5, ಸಿಡ್ನಿಯಲ್ಲಿ ರಾತ್ರಿ 11. ಡಿಸೆಂಬರಿನಲ್ಲಿ ಅಮೆರಿಕ, ಲಂಡನ್ ಒಂದು ಗಂಟೆ ಹಿಂದಕ್ಕೆ, ಸಿಡ್ನಿ ಒಂದು ಗಂಟೆ ಮುಂದಕ್ಕೆ. ಗಡಿಯಾರ ಬದಲಿಸುವುದು ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಸಭೆ ಇಡದಿರುವುದೇ ಮೇಲು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ನಮ್ಮೂರುಗಳಲ್ಲಿ ಇರುವವರ ಮಾತನ್ನು ಮೊದಲೇ ಕೇಳಿ ಬರೆದುಕೊಂಡಿರಿ.

ದುಡ್ಡಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಸಂಚಿಕೆಗೆ, ಶಾಲೆಯ ಶೌಚಾಲಯಕ್ಕೆ ಎಂದು ಹೊರದೇಶದ ಸಹಪಾಠಿಗಳು ಹಣ ಕಳಿಸುತ್ತಾರೆ. ಊರಿನಲ್ಲಿ ಒಬ್ಬರು ತಮ್ಮ ಉಳಿತಾಯ ಖಾತೆಗೆ ಹಾಕಿಸಿಕೊಳ್ಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗೆ ದುಡಿಯುತ್ತಿರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಪಡೆದಿಟ್ಟುಕೊಂಡರೆ ಸಾಕು. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ವಿದೇಶಿಯರೇ. ಅವರು ರೂಪಾಯಿಯಲ್ಲಿ ಕೊಟ್ಟರೂ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಸೂಟ್‌ಕೇಸಿನಲ್ಲಿ ತಂದು ಶಾಲೆಗಾಗಿ ಸಂಘಕ್ಕೆ ಕೊಟ್ಟ ಲ್ಯಾಪ್‌ಟಾಪಿಗೂ ಅಷ್ಟೇ. ‘ಅವನು ನಮ್ಮ ಬೆಂಚಿನವನು, ವಿದೇಶಿ ಹೇಗಾದ?’ ಎಂಬ ಪ್ರಶ್ನೆಗೆ ಭಾವನೆಯ ಉತ್ತರ ಬೇರೆ, ಕಾಯ್ದೆಯ ಉತ್ತರ ಬೇರೆ.

ಸಂಘ ಕಟ್ಟುವುದು ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು. ಆದರೆ ವಿದೇಶಿ ದೇಣಿಗೆಗೆ ನೋಂದಣಿ ಬೇಕಾದರೆ ಸಾಮಾನ್ಯವಾಗಿ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಣ ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇರುವ ಬೇರೆ ಸಂಸ್ಥೆ ಪಡೆದು ನಿಮಗೆ ದಾಟಿಸುವ ದಾರಿಯೂ 2020ರ ತಿದ್ದುಪಡಿಯ ನಂತರ ಮುಚ್ಚಿದೆ. ಕೆಲಸವನ್ನು ಅವರೇ ಮಾಡಿಕೊಟ್ಟರೆ ಸರಿ. ಅರವತ್ತು ಜನರ ಒಂದು ಬ್ಯಾಚಿಗೆ ಇಷ್ಟೆಲ್ಲ ಬೇಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಂಚಿಕೆಯ ಖರ್ಚನ್ನು ಭಾರತೀಯ ಪ್ರಜೆಗಳೇ ಹಂಚಿಕೊಳ್ಳಲಿ. ಉಳಿದವರು ಫೋಟೊ ಗುರುತಿಸಲಿ, ಕರಡು ತಿದ್ದಲಿ, ಮಕ್ಕಳಿಗೆ ವಿಡಿಯೊದಲ್ಲಿ ಪಾಠ ಹೇಳಲಿ. ಯಾರ ಹಣ ಎಷ್ಟು, ಯಾವುದಕ್ಕೆ ಖರ್ಚಾಯಿತು ಎಂಬ ಒಂದು ಪುಟ ಸಂಚಿಕೆಯಲ್ಲೇ ಇರಲಿ. ಮುಂದಿನ ಬ್ಯಾಚಿನವರು ಮೊದಲು ತೆರೆಯುವುದು ಆ ಪುಟವನ್ನೇ. ಅಚ್ಚಿಗೆ ಪುಟಗಳನ್ನು ಹದಿನಾರರ ಮಗ್ಗಿಯಲ್ಲಿ ಲೆಕ್ಕ ಹಾಕಿದರೆ ಕಾಗದ ದಂಡವಾಗುವುದಿಲ್ಲ: 80 ಅಥವಾ 96.

ಕೊನೆಗೆ ದಿನಾಂಕ. ಹೊರಗಿನವರಿಗೆ ಕ್ರಿಸ್‌ಮಸ್ ರಜೆ ಎಂದು ಡಿಸೆಂಬರ್ ಕೊನೆಯ ವಾರ ಇಡುವುದು ರೂಢಿ. ಅದು ಅಡಿಕೆ ಕೊಯ್ಲಿನ ಸಮಯ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಕ್ಕ ದಿನ ಕೊಯ್ಲು ಬಿಟ್ಟು ಯಾರೂ ಬರುವುದಿಲ್ಲ. ಇಳಿಸಿದ ಅಡಿಕೆಯನ್ನು ಸುಲಿದು ಬೇಯಿಸದೆ ಇಡುವಂತೆಯೂ ಇಲ್ಲ. ಬ್ಯಾಚಿನಲ್ಲಿ ಊರಲ್ಲೇ ಉಳಿದವರು, ಕೂಲಿಗೆ ಹೋಗುವವರು ಗೈರಾಗುವುದು ಇದಕ್ಕೇ. ಮೇ ಮೂರನೇ ವಾರ ಉತ್ತಮ. ಶಾಲೆ ಖಾಲಿ ಇರುತ್ತದೆ, ಕೊಯ್ಲು ಮುಗಿದಿರುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಕಾರ್ಯಕ್ರಮ ಬೆಳಿಗ್ಗೆಯೇ ಮುಗಿಯಲಿ.

ಸಂಪಾದಕರಲ್ಲಿ ಒಂದು ಕೋರಿಕೆ. ಗುರುವಂದನೆ ಮುಗಿದ ಮೇಲೆ ಶಾಲು ಹೊದಿಸಿದ ಚಿತ್ರ ಹಾಕುತ್ತೀರಿ. ಅದಕ್ಕೆ ಮೂರು ತಿಂಗಳು ಮೊದಲೇ ‘ಇಂಥ ಶಾಲೆಗೆ ಇಂಥ ವರ್ಷ ಎಂಟನೇ ತರಗತಿಗೆ ಸೇರಿದವರು ಶಾಲಾ ಕಚೇರಿಯಲ್ಲಿ ಹೆಸರು ತಿಳಿಸಿ’ ಎಂದು ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಹಾಕಿಕೊಡಿ. ‘ಪಾಸಾದವರು’ ಎಂದು ಮಾತ್ರ ಬರೆಯಬೇಡಿ, ‘ಸೇರಿದವರು’ ಎಂದಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಲ್ಲದವರ ಊರಿನ ಹೋಟೆಲಿಗೆ, ಸೊಸೈಟಿಗೆ ನಿಮ್ಮ ಪತ್ರಿಕೆ ಈಗಲೂ ಬರುತ್ತಿದೆ.

– ಹಳೆಯ ವಿದ್ಯಾರ್ಥಿಗಳ ಸಂಘವೊಂದರ ದಾಖಲೆ ಸಮಿತಿಯ ಸದಸ್ಯರು, ಶಿವಮೊಗ್ಗ ಜಿಲ್ಲೆ