ಸ್ಪಾರ್ಕ್ ಪ್ಲಗ್ ಬಿಚ್ಚದೆ ಹಣ ಪಡೆದು, ಕೊನೆಗೆ ಎಂಜಿನ್ ಹೆಡ್ ಹಾಳು ಮಾಡಿದ ಬಗ್ಗೆ ದೂರು

ಗೆ,
ಸರ್ವಿಸ್ ಮ್ಯಾನೇಜರ್ ಅವರಿಗೆ,
ಗೋಕುಲ ರಸ್ತೆ, ಹುಬ್ಬಳ್ಳಿ

ಮಾನ್ಯರೇ,

ನನ್ನ ಪೆಟ್ರೋಲ್ ಕಾರು ಕೊಂಡಾಗಿನಿಂದ ಸರ್ವಿಸ್‌ಗೆ ನಿಮ್ಮಲ್ಲಿಗೇ ಬರುತ್ತಿದೆ. ಪ್ರತಿ ಬಿಲ್ಲಿನಲ್ಲೂ ‘ಸ್ಪಾರ್ಕ್ ಪ್ಲಗ್ ಚೆಕಿಂಗ್, ಕ್ಲೀನಿಂಗ್’ ಅಂತ ಹಣ ಹಾಕಿದ್ದೀರಿ. ಬಿಲ್ಲುಗಳ ನಕಲು ಲಗತ್ತಿಸಿದ್ದೇನೆ.

ಇತ್ತೀಚೆಗೆ ಪಿಕಪ್ ಕಡಿಮೆಯಾಗಿ ಎಂಜಿನ್ ಮಿಸ್ಸಿಂಗ್ ಹೊಡೆಯತೊಡಗಿತು. ಧಾರವಾಡದಿಂದ ಓಡಿಸಿಕೊಂಡು ನಿಮ್ಮಲ್ಲಿಗೆ ತಂದೆ. ಬಾನೆಟ್ ಎತ್ತಿದರೆ ಮುಖಕ್ಕೆ ಹಬೆ ಹೊಡೆಯುವಷ್ಟು ಬಿಸಿ ಇತ್ತು. ನಿಮ್ಮ ಮೆಕ್ಯಾನಿಕ್ ಆಗಲೇ ಪಾನಾ ಹಾಕಿದರು. ‘ಸ್ವಲ್ಪ ತಣ್ಣಗಾಗಲಿ’ ಎಂದೆ. ‘ಏನೂ ಆಗಂಗಿಲ್ರಿ, ದಿನಾ ಬಿಚ್ತೀವಿ’ ಎಂದರು. ಮೂರು ಪ್ಲಗ್ ಹೇಗೋ ಬಂದವು. ನಾಲ್ಕನೆಯದು ಜಾಮ್ ಆಗಿತ್ತು. ಪಾನಾಕ್ಕೆ ಪೈಪು ಸಿಕ್ಕಿಸಿ ಎಳೆದರು. ಪ್ಲಗ್ ಜೊತೆ ಹೆಡ್ಡಿನ, ಅಂದರೆ ಎಂಜಿನ್ನಿನ ಮೇಲ್ಭಾಗದ, ಥ್ರೆಡ್ಡೂ (ಪ್ಲಗ್ ತಿರುಗಿಸಿ ಕೂರಿಸುವ ಸುರುಳಿ ಗೆರೆ) ಕಿತ್ತು ಬಂತು.

ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ಎಂಜಿನ್ ಬಿಸಿ ಇದ್ದಾಗ ಜೋರು ಮಾಡಿದರೆ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ಡೇ ಮೊದಲು ಹೋಗುತ್ತದೆ. ಪೂರ್ತಿ ತಣ್ಣಗಾಗಲು ಬಿಡಬೇಕಿತ್ತು. ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಬೇಕಿತ್ತು. ಆಮೇಲೆ ಕಾಲು ಸುತ್ತು ಬಿಚ್ಚಿ, ಮತ್ತೆ ಬಿಗಿ ಮಾಡಿ, ಹೀಗೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಇದು ನಿಮ್ಮವರಿಗೆ ಗೊತ್ತಿಲ್ಲದ ವಿಷಯ ಅಲ್ಲ, ಅಲ್ವಾ?

ನನಗೆ ಜಾಸ್ತಿ ಸಿಟ್ಟು ಬಂದದ್ದು ಬೇರೆ ಮಾತಿಗೆ. ಹೊರಬಂದ ಪ್ಲಗ್ಗುಗಳ ಥ್ರೆಡ್ಡಿನಲ್ಲಿ ಮಸಿ ಕಲ್ಲಿನಂತೆ ಗಟ್ಟಿಯಾಗಿತ್ತು. ‘ಇವು ಕಂಪನಿ ಹಾಕಿದ ಮೇಲೆ ಒಮ್ಮೆಯೂ ಬಿಚ್ಚಿಲ್ಲ’ ಎಂದು ನಿಮ್ಮ ಮೆಕ್ಯಾನಿಕ್ಕೇ ಹೇಳಿದರು. ಹಾಗಾದರೆ ಇಷ್ಟು ದಿನ ಕ್ಲೀನಿಂಗ್ ಹಣ ಯಾಕೆ ತೆಗೆದುಕೊಂಡಿರಿ?

‘ಊರೊಳಗೇ ಓಡಿಸಿದ್ದರಿಂದ ಕಾರ್ಬನ್ ಕಟ್ಟಿದೆ, ತಪ್ಪು ನಿಮ್ಮದೇ’ ಎಂದು ನನಗೆ ಕೌಂಟರಿನಲ್ಲಿ ಹೇಳಿದಿರಿ. ಸಣ್ಣ ಓಡಾಟದಲ್ಲಿ ಮಸಿ ಕೂರುವುದು ನಿಜ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಮಸಿ ತಾನಾಗಿ ಸುಡುವುದಿಲ್ಲ. ಅದಕ್ಕೇ ತಾನೇ ಆಗಾಗ ಬಿಚ್ಚಿ ನೋಡಬೇಕಾದದ್ದು? ಏರ್ ಫಿಲ್ಟರ್ ಕೂಡ ಧೂಳು ತುಂಬಿ ಕಪ್ಪಾಗಿತ್ತು. ಅದರ ಕ್ಲೀನಿಂಗ್ ಹಣವೂ ಬಿಲ್ಲಿನಲ್ಲಿದೆ. ಗಾಳಿ ಸರಿಯಾಗಿ ಬರದೆ ಪೆಟ್ರೋಲ್ ಅರ್ಧಂಬರ್ಧ ಉರಿದರೂ ಮಸಿಯೇ ಆಗುತ್ತದೆ.

ಈಗ ಇಡೀ ಹೆಡ್ ಬದಲಿಸಬೇಕು, ಖರ್ಚು ನನ್ನದು ಎನ್ನುತ್ತಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಕಿತ್ತ ಜಾಗಕ್ಕೆ ಹೆಲಿಕಾಯಿಲ್ (ಥ್ರೆಡ್ಡಿನ ಬದಲು ಕೂರಿಸುವ ತಂತಿ ಸುರುಳಿ) ಹಾಕಿ ಹೊಸ ಥ್ರೆಡ್ ಮಾಡಬಹುದು. ಅದನ್ನು ನಿಮ್ಮ ಖರ್ಚಿನಲ್ಲೇ, ಲೋಹದ ಪುಡಿ ಸಿಲಿಂಡರಿಗೆ ಬೀಳದಂತೆ ಮಾಡಿಕೊಡಿ. ಅದು ಆಗುವುದೇ ಇಲ್ಲ ಎಂದಾದರೆ ಕಾರಣ ಬರೆದುಕೊಟ್ಟು ಹೆಡ್ ನೀವೇ ಬದಲಿಸಿ. ಹೊಸ ಪ್ಲಗ್ಗುಗಳನ್ನು ಮೊದಲು ಕೈಯಿಂದ ಕೂರಿಸಿ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ, ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಬಿಗಿ ಮಾಡಲಿ. ಹಳೆಯ ನಾಲ್ಕೂ ಪ್ಲಗ್ ನನಗೆ ವಾಪಸ್ ಬೇಕು, ಅವೇ ಸಾಕ್ಷಿ. ಮಾಡದ ಕೆಲಸಕ್ಕೆ ಪಡೆದ ಹಣವನ್ನೂ ಹಿಂತಿರುಗಿಸಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಕೊಡಿ. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಅಲ್ಲಿಯವರೆಗೆ ನನ್ನ ಒಪ್ಪಿಗೆ ಇಲ್ಲದೆ ಎಂಜಿನ್ನಿಗೆ ಯಾರೂ ಕೈ ಹಾಕಬಾರದು.

ಇಂತಿ,
ಕಾರಿನ ಮಾಲೀಕ
ಸಪ್ತಾಪುರ, ಧಾರವಾಡ